ವರ್ಗ ಆಯ್ತಂತೆ! - ಉಡುಪಿಯ ಬ್ಯಾಂಕುಗಳು ಬರೆಸಿದ ಕಾನೂನಿನ ಕತೆ

ನಮ್ಮ ಕರಾವಳಿಯಲ್ಲಿ ಬ್ಯಾಂಕಿನವರು ಇಲ್ಲದ ಕುಟುಂಬ ಸಿಗುವುದು ಕಷ್ಟ. ಹಾಗಾಗಿ ಮದುವೆ, ಪೂಜೆ, ಬೊಜ್ಜ ಯಾವ ಊಟದ ಪಂಕ್ತಿಯಲ್ಲಿ ಕೂತರೂ ಒಂದು ಸುದ್ದಿ ಕಿವಿಗೆ ಬಿದ್ದೇ ಬೀಳುತ್ತದೆ: "ಅವರಿಗೆ ವರ್ಗ ಆಯ್ತಂತೆ." ಆ ಕೂಡಲೇ ಮೂರು ಪ್ರಶ್ನೆಗಳು ಬರುತ್ತವೆ. ಮೊದಲನೆಯದು "ಎಲ್ಲಿಗೆ?" ಎರಡನೆಯದು "ಕ್ಯಾನ್ಸಲ್ ಮಾಡಿಸ್ಲಿಕ್ಕೆ ಆಗುದಿಲ್ವಾ?" ಮೂರನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ, "ಕೋರ್ಟಿಗೆ ಹೋದ್ರೆ?"

ಈ ಬರಹ ಆ ಮೂರನೇ ಪ್ರಶ್ನೆಯ ಬಗ್ಗೆ. ನಾನು ವಕೀಲನಲ್ಲ, ಕೋಡು ಬರೆದು ಹೊಟ್ಟೆ ಹೊರೆಯುವವನು. ಆದರೆ ಹಳೆಯ ತೀರ್ಪುಗಳನ್ನು ಓದುವ ಹುಚ್ಚು ಸ್ವಲ್ಪ ಉಂಟು. ಬ್ಯಾಂಕ್ ನೌಕರರ ವರ್ಗಾವಣೆಯ ತೀರ್ಪುಗಳನ್ನು ಒಂದೊಂದಾಗಿ ತೆಗೆದು ಓದುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಯಾವ ರಾಜ್ಯದ ಹೈಕೋರ್ಟೇ ಇರಲಿ, ಮತ್ತೆ ಮತ್ತೆ ಎರಡು ಹಳೆಯ ಮೊಕದ್ದಮೆಗಳ ಹೆಸರು ಬರುತ್ತದೆ. ಒಂದು, ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಮತ್ತು ಯು. ವಿಠಲ್, 1963ರ ವರದಿ. ಇನ್ನೊಂದು, ಸಿಂಡಿಕೇಟ್ ಬ್ಯಾಂಕ್ ಮತ್ತು ಅದರ ಕಾರ್ಮಿಕರು, 1966ರದ್ದು. ಎರಡೂ ಸುಪ್ರೀಂ ಕೋರ್ಟಿನ ತೀರ್ಪುಗಳು. ಎರಡೂ ಬ್ಯಾಂಕುಗಳು ಹುಟ್ಟಿದ್ದು ಉಡುಪಿಯಲ್ಲಿ!

ನಾನು ಕಾರ್ಕಳ ಪಕ್ಕದ ಕುಕ್ಕುಂದೂರಿನವನು. ಜೋಡುರಸ್ತೆಯಲ್ಲಿ ಬಸ್ಸು ಹತ್ತಿದರೆ ಉಡುಪಿಗೆ ಒಂದು ಗಂಟೆ ಚಿಲ್ಲರೆಯ ದಾರಿ. ದೇಶದ ಬ್ಯಾಂಕ್ ನೌಕರರ ಹಣೆಬರಹ ಬರೆದ ಕಾನೂನಿಗೆ ನಮ್ಮೂರ ಬಸ್ಸಿನ ಕೊನೇ ಸ್ಟಾಪಿನಲ್ಲಿ ಬೇರು ಇದೆ ಅಂತ ಗೊತ್ತಾದರೆ ಸುಮ್ಮನಿರುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :)

ಮೊದಲು ಬ್ಯಾಂಕುಗಳ ಕತೆ ಚುಟುಕಾಗಿ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಐದು ಸಾವಿರ ರೂಪಾಯಿ ಬಂಡವಾಳದಿಂದ ಶುರುಮಾಡಿದ್ದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್. 1972ರಲ್ಲಿ ಅದರ ಹೆಸರು ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಕಟ್ಟಿದ್ದು ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್. 1964ರಲ್ಲಿ ಇದೇ ಸಿಂಡಿಕೇಟ್ ಬ್ಯಾಂಕ್ ಆಗಿ ಮಣಿಪಾಲದಲ್ಲಿ ನೆಲೆ ನಿಂತಿತು. ಮನೆ ಮನೆಗೆ ಹೋಗಿ ದಿನಕ್ಕೆ ನಾಲ್ಕಾಣೆ ಎರಡಾಣೆ ಕೂಡಿಸುವ ಪಿಗ್ಮಿ ಯೋಜನೆಯನ್ನು 1928ರಲ್ಲಿ ಶುರುಮಾಡಿದವರು ಇವರೇ.

ಬ್ಯಾಂಕು ಒಂದೇ ಊರಲ್ಲಿರುವಾಗ ವರ್ಗಾವಣೆ ಎಂಬ ಸಮಸ್ಯೆಯೇ ಇಲ್ಲ. ಬೆಳಿಗ್ಗೆ ಗಂಜಿ ಉಂಡು ಹೋದ ಗುಮಾಸ್ತ ಸಂಜೆ ಮನೆಗೆ ಬರುತ್ತಾನೆ. ಶಾಖೆಗಳು ಕುಂದಾಪುರ ದಾಟಿ, ಘಟ್ಟ ಹತ್ತಿ, ಬೊಂಬಾಯಿ ಮುಟ್ಟಿದ ಮೇಲೆ ತಕರಾರು ಶುರು. ಹೊಸ ಶಾಖೆಗೆ ನಂಬಿಕಸ್ಥರು ಬೇಕು, ನಂಬಿಕಸ್ಥರು ಇರುವುದು ಊರಲ್ಲಿ. ಹೀಗೆ ನಮ್ಮ ಹುಡುಗರು ದೇಶವೆಲ್ಲ ಹರಡಿದರು. ಉಡುಪಿ ಹೋಟೆಲಿನವರು ಮತ್ತು ಉಡುಪಿ ಬ್ಯಾಂಕಿನವರು, ಈ ಎರಡು ಜಾತಿಯವರು ಇಲ್ಲದ ದೊಡ್ಡ ಊರು ಹುಡುಕುವುದು ಕಷ್ಟ ಎಂಬಷ್ಟು. ವ್ಯತ್ಯಾಸ ಇಷ್ಟೇ, ಹೋಟೆಲಿನವನು ತಾನಾಗಿ ಹೋದ. ಬ್ಯಾಂಕಿನವನನ್ನು ಆರ್ಡರ್ ಕಳಿಸಿತು.

ಆ ಆರ್ಡರನ್ನು ಪ್ರಶ್ನಿಸುವ ಜಾಗ ಯಾವುದು? ಆಗ ಬ್ಯಾಂಕುಗಳೆಲ್ಲ ಖಾಸಗಿ. ನೌಕರನಿಗೆ ಇದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ, ಅಂದರೆ ಯೂನಿಯನ್ನು ಮತ್ತು ಟ್ರಿಬ್ಯುನಲ್ಲು. ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ 1946ರಲ್ಲಿ ಕಲ್ಕತ್ತದಲ್ಲಿ ಹುಟ್ಟಿತು. ಬ್ಯಾಂಕುಗಳ ಜಗಳ ತೀರಿಸಲು ನೇಮಿಸಿದ ಸೇನ್ ಟ್ರಿಬ್ಯುನಲ್ 1950ರಲ್ಲಿ ಐತೀರ್ಪು ಕೊಟ್ಟರೆ, ಮರುವರ್ಷವೇ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾರಣ ಸಂಬಳವೂ ಅಲ್ಲ, ರಜೆಯೂ ಅಲ್ಲ. ಟ್ರಿಬ್ಯುನಲ್ಲಿನ ಸದಸ್ಯರೊಬ್ಬರು ಮಧ್ಯೆ ಕೆಲವು ಕಾಲ ಇರಲಿಲ್ಲ, ಹಾಗಾಗಿ ಅದರ ರಚನೆಯೇ ಸರಿಯಿಲ್ಲ ಅಂತ! ಮತ್ತೆ ಮೊದಲಿಂದ ಶುರು. 1953ರಲ್ಲಿ ಪಂಚಾಪಗೇಶ ಶಾಸ್ತ್ರಿಯವರ ಟ್ರಿಬ್ಯುನಲ್ ಕೊಟ್ಟದ್ದೇ ಪ್ರಸಿದ್ಧ ಶಾಸ್ತ್ರಿ ಅವಾರ್ಡ್. ಮುಂದಿನ ಹಂತದಲ್ಲಿ ಮೇಲ್ಮನವಿ ಟ್ರಿಬ್ಯುನಲ್ಲಿನ ತೀರ್ಪನ್ನು ಸರ್ಕಾರ ತಿದ್ದಿತು ಅಂತ 1954ರಲ್ಲಿ ಕಾರ್ಮಿಕ ಸಚಿವ ವಿ.ವಿ. ಗಿರಿ ರಾಜೀನಾಮೆ ಬಿಸಾಕಿದರು. ಆ ಕಾಲಕ್ಕೆ ಬ್ಯಾಂಕ್ ನೌಕರರ ಪ್ರಶ್ನೆ ಎಷ್ಟು ಬಿಸಿಯಾಗಿತ್ತು ಅನ್ನುವುದಕ್ಕೆ ಇದು ಸಾಕು.

ಶಾಸ್ತ್ರಿ ಅವಾರ್ಡಿನಲ್ಲಿ ವರ್ಗಾವಣೆಯ ಬಗ್ಗೆ ಇರುವ ಭಾಗ ಓದಿ ನಾನು ನಿಜಕ್ಕೂ ಆಶ್ಚರ್ಯಪಟ್ಟೆ. ವರ್ಗಾವಣೆಗಳು ಬ್ಯಾಂಕಿನ ಅಗತ್ಯಕ್ಕೆ ಎಷ್ಟು ಬೇಕೋ ಅಷ್ಟು ಕಡಿಮೆ ಇರಬೇಕು. ಜವಾನರು ಮುಂತಾದ ಕೆಳಹಂತದ ಸಿಬ್ಬಂದಿಯನ್ನು ಸಾಮಾನ್ಯವಾಗಿ ವರ್ಗ ಮಾಡಲೇಬಾರದು, ಮಾಡಿದರೂ ಅವರ ಭಾಷಾ ಪ್ರದೇಶ ದಾಟಿಸಬಾರದು. ಗುಮಾಸ್ತರನ್ನು ಸಹ ಸಾಧ್ಯವಾದಷ್ಟು ಮಟ್ಟಿಗೆ ಅವರ ಒಪ್ಪಿಗೆಯಿಲ್ಲದೆ ರಾಜ್ಯದ ಅಥವಾ ಭಾಷಾ ಪ್ರದೇಶದ ಹೊರಗೆ ಕಳಿಸಬಾರದು. ಯೂನಿಯನ್ನಿನ ಅಧ್ಯಕ್ಷ, ಕಾರ್ಯದರ್ಶಿಗಳನ್ನು ವರ್ಗ ಮಾಡುವುದಿದ್ದರೆ ಐದು ಕೆಲಸದ ದಿನ ಮೊದಲೇ ನೋಟೀಸ್ ಬೋರ್ಡಿನಲ್ಲಿ ಹಾಕಬೇಕು, ಯೂನಿಯನ್ ಏನು ಹೇಳುತ್ತದೋ ಕೇಳಬೇಕು, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಬರೆದಿಡಬೇಕು.

ಇಸವಿ ಗಮನಿಸಿ. 1953! ಭಾಷಾವಾರು ರಾಜ್ಯಗಳು ಇನ್ನೂ ಆಗಿರಲಿಲ್ಲ, ನಮ್ಮ ಕಾರ್ಕಳ, ಉಡುಪಿ ಎಲ್ಲ ಮದರಾಸು ರಾಜ್ಯದಲ್ಲಿದ್ದವು. ಆಗಲೇ ಒಂದು ಟ್ರಿಬ್ಯುನಲ್ಲು ಹೇಳಿತ್ತು, ಮನುಷ್ಯನನ್ನು ಅವನ ಭಾಷೆಯಿಂದ ಕಿತ್ತು ಹಾಕುವುದು ಚಿಕ್ಕ ವಿಷಯವಲ್ಲ ಅಂತ.

ಈಗ ಆ ಎರಡು ಮೊಕದ್ದಮೆಗಳಿಗೆ ಬರೋಣ. ವಿಠಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಹೀಗೆ: ಯಾವ ಶಾಖೆಗೆ ಎಷ್ಟು ಜನ ಬೇಕು, ಯಾರು ಬೇಕು ಅನ್ನುವುದನ್ನು ಅಳೆಯಲು ಬ್ಯಾಂಕಿನ ಆಡಳಿತಕ್ಕಿಂತ ಸೂಕ್ತರು ಇನ್ನೊಬ್ಬರಿಲ್ಲ. ಟ್ರಿಬ್ಯುನಲ್ಲಿನ ಮುಂದೆ ಅದಕ್ಕೆ ಬೇಕಾದ ಎಲ್ಲ ಮಾಹಿತಿ ಬರುವುದಿಲ್ಲ, ಬಂದರೂ ಅಂಥ ತೀರ್ಮಾನ ಮಾಡಲು ಟ್ರಿಬ್ಯುನಲ್ ತಕ್ಕ ಜಾಗವಲ್ಲ. ಹಾಗಾಗಿ ವರ್ಗಾವಣೆ ಅನಿವಾರ್ಯವಾಗಿತ್ತು ಅಂತ ಬ್ಯಾಂಕು ಹೇಳಿದರೆ ಸಾಮಾನ್ಯವಾಗಿ ಅದನ್ನು ನಂಬಬೇಕು. ಒಂದೇ ಒಂದು ವಿನಾಯಿತಿ ಅಂದರೆ ದುರುದ್ದೇಶ. ಸೇಡು ತೀರಿಸಲು, ಕಿರುಕುಳ ಕೊಡಲು, ಬ್ಯಾಂಕಿನ ವ್ಯವಹಾರಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ವರ್ಗ ಮಾಡಿದ್ದರೆ ಆಗ ಮಾತ್ರ ಕೈ ಹಾಕಬಹುದು.

ಮೂರು ವರ್ಷದ ನಂತರ ಸಿಂಡಿಕೇಟ್ ಬ್ಯಾಂಕಿನ ಕೇಸಿನಲ್ಲಿ ಇದೇ ಮಾತಿಗೆ ಇನ್ನೊಂದು ಬೀಗ ಬಿತ್ತು. ಯೂನಿಯನ್ ಕೆಲಸಕ್ಕೆ ಶಿಕ್ಷೆ ಅಂತ ವರ್ಗ ಮಾಡಿದರೆ ಅದು ಕಾನೂನಿನ ಅಧಿಕಾರದ ಬಳಕೆಯೇ ಅಲ್ಲ, ಖಂಡಿತ ರದ್ದು ಮಾಡಿ. ಆದರೆ ದುರುದ್ದೇಶ ಇತ್ತು ಎಂದು ಹೇಳಬೇಕಾದರೆ ಸಾಕಷ್ಟು, ಸರಿಯಾದ ಸಾಕ್ಷ್ಯ ಬೇಕು. ಬರಿಯ ಅನುಮಾನ, ಚಿಲ್ಲರೆ ಕಾರಣ ಸಾಲದು.

ಓದಲಿಕ್ಕೆ ನ್ಯಾಯವಾಗಿಯೇ ಕಾಣುತ್ತದೆ, ಅಲ್ಲವಾ? ಆದರೆ ಸ್ವಲ್ಪ ನಿಂತು ಯೋಚಿಸಿ. ದುರುದ್ದೇಶದ ಸಾಕ್ಷ್ಯ ಎಲ್ಲಿರುತ್ತದೆ? ಹೆಡ್ಡಾಫೀಸಿನ ಫೈಲಿನಲ್ಲಿ. ಫೈಲು ಯಾರ ಕೈಯಲ್ಲಿದೆ? ವರ್ಗ ಮಾಡಿದವರ ಕೈಯಲ್ಲಿ. ಅದರಲ್ಲೂ "ಇವನು ಯೂನಿಯನ್ನಿನಲ್ಲಿ ಗಲಾಟೆ ಮಾಡುತ್ತಾನೆ, ದೂರ ಹಾಕಿ" ಅಂತ ಯಾವ ಜಾಣನೂ ಬರೆದಿಡುವುದಿಲ್ಲ. "ಆಡಳಿತಾತ್ಮಕ ಕಾರಣ" ಅಂತ ಎರಡು ಪದ ಬರೆದರೆ ಮುಗಿಯಿತು. ಇದರಿಂದಾಗಿ ನೌಕರನಿಗೆ ಬಾಗಿಲು ತೆರೆದೇ ಇತ್ತು, ಕೀಲಿಕೈ ಮಾತ್ರ ಎದುರು ಪಕ್ಷದವರ ಜೇಬಿನಲ್ಲಿತ್ತು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದರಲ್ಲಿ ನಮ್ಮ ಜಿಲ್ಲೆಯ ಕೆನರಾ ಮತ್ತು ಸಿಂಡಿಕೇಟ್ ಎರಡೂ ಇದ್ದವು. 1980ರ ಏಪ್ರಿಲ್ 15ರಂದು ಇನ್ನೂ ಆರು, ಅದರಲ್ಲಿ ಕಾರ್ಪೊರೇಶನ್ ಮತ್ತು ವಿಜಯಾ. ಹೀಗೆ ಒಂದೇ ಅವಿಭಜಿತ ದಕ್ಷಿಣ ಕನ್ನಡದ ನಾಲ್ಕು ಬ್ಯಾಂಕುಗಳು ಸರ್ಕಾರದವಾದವು. ವರ್ಗಾವಣೆಯ ಕಾನೂನಿಗೆ ಇದರಿಂದ ಒಂದು ದೊಡ್ಡ ತಿರುವು ಬಂತು. ಸರ್ಕಾರಿ ನಿಗಮಗಳೂ ಸಂವಿಧಾನದ 12ನೇ ವಿಧಿಯ ಪ್ರಕಾರ 'ರಾಜ್ಯ'ವೇ ಅಂತ 1975ರಲ್ಲಿ ಎಲ್‌ಐಸಿ, ಓಎನ್‌ಜಿಸಿಗಳಿಗೆ ಸಂಬಂಧಿಸಿದ ಸುಖದೇವ್ ಸಿಂಗ್ ಕೇಸಿನಲ್ಲಿ ತೀರ್ಮಾನವಾಯಿತು. ಇದರ ಅರ್ಥ, ಅಂಥ ಸಂಸ್ಥೆಯ ನೌಕರ ಯೂನಿಯನ್ನಿನ ಕೈ ಹಿಡಿಯದೆ ತಾನೊಬ್ಬನೇ ಹೈಕೋರ್ಟಿಗೆ ಹೋಗಿ "ನನಗೆ 14ನೇ ವಿಧಿಯ ಸಮಾನತೆ ಕೊಡಿ" ಅಂತ ರಿಟ್ ಅರ್ಜಿ ಹಾಕಬಹುದು. ಟ್ರಿಬ್ಯುನಲ್ಲಿಗೆ ಹೋಗಲಾಗದ ಆಫೀಸರುಗಳಿಗೆ ಇದು ವರವಾಯಿತು.

14ನೇ ವಿಧಿಯ ವಿಷಯ ಬಂತು, ಒಂದು ತಮಾಷೆ ಹೇಳಲೇಬೇಕು. 'ಮನಸೋ ಇಚ್ಛೆ ನಡೆದುಕೊಳ್ಳುವುದೂ ಸಮಾನತೆಗೆ ವಿರೋಧವೇ' ಅನ್ನುವ ತತ್ವ ಇವತ್ತು ಕಾನೂನು ಕಾಲೇಜಿನ ಹುಡುಗರಿಗೆಲ್ಲ ಬಾಯಿಪಾಠ. ಅದು ಹುಟ್ಟಿದ್ದೇ ಒಂದು ವರ್ಗಾವಣೆ ಕೇಸಿನಲ್ಲಿ. ತಮಿಳುನಾಡಿನ ಮುಖ್ಯ ಕಾರ್ಯದರ್ಶಿಯಾಗಿದ್ದ ಇ.ಪಿ. ರಾಯಪ್ಪ ತಮ್ಮನ್ನು ಬೇರೆ ಹುದ್ದೆಗೆ ಹಾಕಿದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1973ರ ನವೆಂಬರಿನಲ್ಲಿ ತೀರ್ಪು ಬಂತು. ತತ್ವ ಗೆದ್ದಿತು, ರಾಯಪ್ಪ ಸೋತರು! ದುರುದ್ದೇಶ ಸಾಬೀತಾಗಲಿಲ್ಲ ಅಂತ. ಒಂದು ರಾಜ್ಯದ ಚೀಫ್ ಸೆಕ್ರೆಟರಿಗೇ ಸಾಬೀತು ಮಾಡಲಾಗದ್ದು ಜೋಡುರಸ್ತೆಯ ಗುಮಾಸ್ತನಿಗೆ ಆಗುತ್ತದಾ?

ನಮ್ಮ ರಾಜ್ಯದ್ದೇ ಒಂದು ದೊಡ್ಡ ಕೇಸು ಬಿ. ವರದರಾವ್ ಮತ್ತು ಕರ್ನಾಟಕ ರಾಜ್ಯ, 1986ರದ್ದು. ವರ್ಗಾವಣೆಯ ವಿರುದ್ಧ ಇಲಾಖೆಯೊಳಗೆ ಮೇಲ್ಮನವಿ ಹಾಕಬಹುದೇ, ಅದು ಸೇವಾ ಷರತ್ತು ಬದಲಾಯಿಸಿದ ಹಾಗಾಯಿತೇ ಎನ್ನುವುದು ಪ್ರಶ್ನೆ. ಇಲ್ಲ, ವರ್ಗಾವಣೆ ನೌಕರಿಯ ಸಹಜ ಭಾಗ, ಅದರಿಂದ ಸೇವಾ ಷರತ್ತಿಗೆ ಏನೂ ಕೊರತೆಯಿಲ್ಲ ಎಂದಿತು ಸುಪ್ರೀಂ ಕೋರ್ಟ್. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಎ.ಪಿ. ಸೇನ್ ಇನ್ನೊಂದು ಮಾತೂ ಬರೆದರು. ಅಡಿಗಡಿಗೆ, ಹೊತ್ತುಗೊತ್ತಿಲ್ಲದೆ ಮಾಡುವ ವರ್ಗಾವಣೆ ಒಂದು ಕುಟುಂಬವನ್ನೇ ಬುಡಸಮೇತ ಕಿತ್ತು ಹಾಕುತ್ತದೆ, ಮಕ್ಕಳ ಓದು ಹಾಳಾಗುತ್ತದೆ, ನೌಕರ ಹತಾಶನಾಗುತ್ತಾನೆ ಎಂಬರ್ಥದ ಮಾತು. ಅಲ್ಲಿಂದೀಚೆಗೆ ಅರ್ಜಿದಾರರ ಪರ ವಕೀಲರು ಈ ಸಾಲುಗಳನ್ನೂ, ಸರ್ಕಾರದ ಪರ ವಕೀಲರು ಅದೇ ತೀರ್ಪಿನ ಆಚೆ ಸಾಲುಗಳನ್ನೂ ಓದುತ್ತಾ ಬಂದಿದ್ದಾರೆ. ಒಂದೇ ತೀರ್ಪು, ಇಬ್ಬರಿಗೂ ಅನ್ನ!

ನಂತರದ ಹತ್ತು ವರ್ಷದಲ್ಲಿ ಬಾಗಿಲು ಇನ್ನೂ ಕಿರಿದಾಯಿತು. 1989ರ ಗುಜರಾತ್ ವಿದ್ಯುತ್ ಮಂಡಳಿಯ ಕೇಸಿನಲ್ಲಿ ಸೂರತ್‌ನಿಂದ ಉಕಾಯಿಗೆ ವರ್ಗವಾದ ನೌಕರ ಹೋಗಲೇ ಇಲ್ಲ, ಕೆಲಸ ಕಳೆದುಕೊಂಡ. ಮನವಿ ಕೊಡು, ತಡೆಯಾಜ್ಞೆ ಸಿಗದಿದ್ದರೆ ಮೊದಲು ಹೋಗಿ ಕೆಲಸಕ್ಕೆ ಸೇರಿಕೋ, ಜಗಳ ಆಮೇಲೆ - ಇದು ಅಲ್ಲಿಂದ ಕಲಿತ ಪಾಠ. 1993ರ ಎಸ್.ಎಲ್. ಅಬ್ಬಾಸ್ ಕೇಸಿನಲ್ಲಿ ಶಿಲ್ಲಾಂಗ್‌ನಿಂದ ಪೌರಿಗೆ ವರ್ಗ. ಹೆಂಡತಿಯ ನೌಕರಿ, ಮಕ್ಕಳ ಶಾಲೆ ಎಲ್ಲ ಶಿಲ್ಲಾಂಗ್‌ನಲ್ಲಿ. ಗಂಡ ಹೆಂಡತಿಯನ್ನು ಸಾಧ್ಯವಾದರೆ ಒಂದೇ ಊರಲ್ಲಿ ಇಡಿ ಅಂತ 1986ರಲ್ಲೇ ಕೇಂದ್ರ ಸರ್ಕಾರದ ಸುತ್ತೋಲೆ ಇತ್ತು. ಅದು ಮಾರ್ಗಸೂಚಿ ಮಾತ್ರ, ಹಕ್ಕಲ್ಲ ಎಂದಿತು ಕೋರ್ಟು. ಬ್ಯಾಂಕಿನವರಿಗೆ ಹತ್ತಿರದ್ದು ಬ್ಯಾಂಕ್ ಆಫ್ ಇಂಡಿಯಾದ ಮೆಹ್ತಾ ಕೇಸು, 1992. ಬಡ್ತಿ ಪಡೆದು ಆಫೀಸರ್ ಆದವರು ಹೆಂಡತಿ ಇರುವ ಚಂಡೀಗಢ ಕೇಳಿದರು. ದೇಶದ ಎಲ್ಲಿಗಾದರೂ ಹೋಗಬೇಕಾದ ಹುದ್ದೆ ಒಪ್ಪಿಕೊಳ್ಳುವ ಮೊದಲೇ ಸಂಸಾರವೋ ವೃತ್ತಿಯೋ ಅಂತ ಯೋಚಿಸಿಕೊಳ್ಳಬೇಕಿತ್ತು ಎನ್ನುವುದು ಕೋರ್ಟಿನ ಧಾಟಿ.

ಈ ಕೊನೆಯ ಮಾತು ಓದಿದಾಗ ನನಗೆ ನಮ್ಮೂರ ಒಂದು ಒಗಟು ಬಿಡಿಸಿದ ಹಾಗಾಯಿತು. ನಮ್ಮ ಕಡೆ ಬ್ಯಾಂಕಿನಲ್ಲಿ ಪ್ರಮೋಷನ್ ಬೇಡ ಅಂದವರು ಎಷ್ಟು ಜನ! ನನ್ನ ಅಪ್ಪನೇ ಒಬ್ಬರು. ಗುಮಾಸ್ತರಾಗಿ ಸೇರಿದರು, ಹೆಡ್ ಕ್ಯಾಶಿಯರ್ ಆಗಿ ರಿಟೈರ್ ಆದರು. ಅವರ ಜೊತೆಗೇ ಸೇರಿದ, ನಾವು ಮಾಮ ಅಂತ ಕರೆಯುವ ನೆರೆಮನೆಯವರೊಬ್ಬರು ಪರೀಕ್ಷೆ ಕಟ್ಟಿ ಆಫೀಸರ್ ಆದರು. (ಬ್ಯಾಂಕಿನ ಹೆಸರು ಬೇಡ ಬಿಡಿ.) ಚಿಕ್ಕವನಿದ್ದಾಗ ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಮಾಮನ ಮನೆಗೆ ಕಾರು ಬಂತು, ನಮಗೆ ಸ್ಕೂಟರೇ ಗತಿ. ಅಪ್ಪನಿಗೆ ಧೈರ್ಯ ಇಲ್ಲ ಅಂದುಕೊಂಡಿದ್ದೆ.

ಅದು ಧೈರ್ಯದ ಪ್ರಶ್ನೆ ಆಗಿರಲೇ ಇಲ್ಲ. ಗುಮಾಸ್ತ ಇರುವವರೆಗೆ ಅವನು ಕಾರ್ಮಿಕ ಕಾಯ್ದೆಯ ಕೊಡೆಯ ಕೆಳಗೆ ಇರುತ್ತಾನೆ, ಶಾಸ್ತ್ರಿ ಅವಾರ್ಡಿನ ಭಾಷಾ ಪ್ರದೇಶದ ನೆರಳು ಇರುತ್ತದೆ. 1984ರಿಂದ ಇನ್ನೊಂದು ಆಸರೆಯೂ ಸಿಕ್ಕಿತ್ತು, ಆಡಳಿತ ನೀತಿಯ ಸೋಗಿನಲ್ಲಿ ದುರುದ್ದೇಶದಿಂದ ವರ್ಗ ಮಾಡುವುದನ್ನು ಕಾಯ್ದೆಯೇ 'ಅನುಚಿತ ಕಾರ್ಮಿಕ ಪದ್ಧತಿ' ಅಂತ ಪಟ್ಟಿ ಮಾಡಿತು. (2025ರ ನವೆಂಬರಿನಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಆ ಪಟ್ಟಿ ಅದರಲ್ಲೂ ಉಂಟು.) ಆಫೀಸರ್ ಆದ ದಿನ ಕೊಡೆ ಮಡಚಿದ ಹಾಗೆ. 1979ರ ಆಫೀಸರುಗಳ ಸೇವಾ ನಿಯಮಾವಳಿಯ 47ನೇ ನಿಯಮದ ಪ್ರಕಾರ ಭಾರತದ ಯಾವ ಜಾಗಕ್ಕಾದರೂ ಹೋಗಬೇಕು. ಒಂದು ಪ್ರಮೋಷನ್ನಿಗೆ ಸಹಿ ಹಾಕಿದರೆ ಮನುಷ್ಯ ಒಂದು ಕಾನೂನಿನಿಂದ ಇನ್ನೊಂದು ಕಾನೂನಿಗೆ ದಾಟುತ್ತಾನೆ. ಅಪ್ಪನಿಗೆ ಈ ಸೆಕ್ಷನ್ನು ನಂಬರುಗಳೆಲ್ಲ ಗೊತ್ತಿರಲಿಲ್ಲ, ಅರ್ಥ ಗೊತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರು.

ಮಾಮನಿಗೆ ಬಿಹಾರದ ದರ್ಭಂಗಾಕ್ಕೆ ವರ್ಗವಾದಾಗ ಅವರ ಮಗನಿಗೆ ಎಸ್ಸೆಸ್ಸೆಲ್ಸಿ. ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಹೋದರು. ಅವರ ಅಮ್ಮ ತೀರಿಕೊಂಡಾಗ ಮಾಮ ಮನೆ ಮುಟ್ಟಿದ್ದು ಮೂರನೇ ದಿನ, ಕೊಳ್ಳಿ ಇಟ್ಟದ್ದು ತಮ್ಮ. ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ಈಚೆಗೆ ಅವರನ್ನು ಕೇಳಿದೆ. "ಹೋಗಿ ಎಂತ ಹೇಳುದು ಮಾರಾಯ? ಅವರಿಗೆ ನನ್ನ ಮೇಲೆ ದ್ವೇಷ ಇರ್ಲಿಲ್ಲ. ಲಿಸ್ಟ್ ಮಾಡಿದ್ರು, ಅದರಲ್ಲಿ ನನ್ನ ಹೆಸರಿತ್ತು, ಅಷ್ಟೆ" ಅಂದರು.

ಇದಕ್ಕಿಂತ ಚೆನ್ನಾಗಿ ಈ ಕಾನೂನಿನ ಮಿತಿಯನ್ನು ಯಾವ ತೀರ್ಪೂ ಹೇಳಿದ್ದು ನಾನು ಓದಿಲ್ಲ. ಕೋರ್ಟು ಕೇಳುವುದು ಎರಡೇ ಪ್ರಶ್ನೆ: ಅಧಿಕಾರ ಇತ್ತಾ, ಮನಸ್ಸಿನಲ್ಲಿ ಕಿಚ್ಚು ಇತ್ತಾ. ಕಿಚ್ಚಿಲ್ಲದೆ, ಯಾರ ಮುಖವನ್ನೂ ನೋಡದೆ ಮಾಡಿದ ಲಿಸ್ಟಿನಿಂದ ಆಗುವ ಸಂಕಟಕ್ಕೆ ಅಲ್ಲಿ ಕಾಲಂ ಇಲ್ಲ. ವಿಠಲ್ ಕೇಸಿನಲ್ಲಿ ಹಾಕಿದ ಗೆರೆ ಇವತ್ತಿಗೂ ಅಲ್ಲೇ ಇದೆ.

ಹಾಗಂತ ಯಾರೂ ಗೆದ್ದೇ ಇಲ್ಲ ಅಂತಲ್ಲ. 2009ರ ಸೋಮೇಶ್ ತಿವಾರಿ ಕೇಸಿನಲ್ಲಿ ಅನಾಮಧೇಯ ದೂರಿನ ಮೇಲೆ ತನಿಖೆಯಾಗಿ, ದೂರಿನಲ್ಲಿ ಹುರುಳಿಲ್ಲ ಅಂತ ಗೊತ್ತಾದ ಮೇಲೂ ವರ್ಗ ಮಾಡಿದ್ದರು. ಯಾರಿಗೂ ವೈಯಕ್ತಿಕ ದ್ವೇಷ ಇರಬೇಕಾಗಿಲ್ಲ, ಇಲ್ಲದ ಕಾರಣಕ್ಕೆ ಶಿಕ್ಷೆಯ ರೂಪದಲ್ಲಿ ವರ್ಗ ಮಾಡಿದರೆ ಅದೇ ಕಾನೂನಿನ ದೃಷ್ಟಿಯಲ್ಲಿ ದುರುದ್ದೇಶ ಎಂದಿತು ಸುಪ್ರೀಂ ಕೋರ್ಟ್. 2020ರ ಫೆಬ್ರವರಿಯದ್ದು ಬ್ಯಾಂಕಿನದ್ದೇ ಕೇಸು. ಪಂಜಾಬ್ ಆಂಡ್ ಸಿಂಧ್ ಬ್ಯಾಂಕಿನ ಇಂದೋರ್ ಶಾಖೆಯ ಮಹಿಳಾ ಅಧಿಕಾರಿಯೊಬ್ಬರು ಮದ್ಯದ ಗುತ್ತಿಗೆದಾರರ ಖಾತೆಗಳಲ್ಲಿನ ಅವ್ಯವಹಾರದ ಬಗ್ಗೆ ಬರೆದಿದ್ದರು, ಮೇಲಧಿಕಾರಿಯ ಮೇಲೆ ಲೈಂಗಿಕ ಕಿರುಕುಳದ ದೂರನ್ನೂ ಕೊಟ್ಟಿದ್ದರು. ಸ್ಕೇಲ್ ನಾಲ್ಕರ ಅವರನ್ನು ಜಬಲ್ಪುರ ಜಿಲ್ಲೆಯಲ್ಲಿ ಸ್ಕೇಲ್ ಒಂದರ ಅಧಿಕಾರಿ ಇರಬೇಕಾದ ಶಾಖೆಗೆ ಹಾಕಿದರು. ನ್ಯಾಯಮೂರ್ತಿ ಚಂದ್ರಚೂಡ್ ಅವರಿದ್ದ ಪೀಠ ವರ್ಗಾವಣೆ ರದ್ದಾದದ್ದನ್ನು ಎತ್ತಿಹಿಡಿದು, ಅವರನ್ನು ಇಂದೋರಿಗೇ ವಾಪಸು ಹಾಕಿ, ಐವತ್ತು ಸಾವಿರ ರೂಪಾಯಿ ಖರ್ಚು ಕೊಡಿ ಅಂತ ಹೇಳಿತು. ಇಲ್ಲಿ ಗಮನಿಸಬೇಕಾದ್ದು, ದುರುದ್ದೇಶದ ಸಾಕ್ಷ್ಯ ಕಾಗದದ ಮೇಲೆ ತಾನಾಗಿ ಕಾಣುತ್ತಿತ್ತು. ಅವರು ಬರೆದ ಪತ್ರಗಳ ತಾರೀಕು, ವರ್ಗದ ತಾರೀಕು, ಹೋಗಬೇಕಾದ ಶಾಖೆಯ ದರ್ಜೆ, ಮೂರನ್ನೂ ಪಕ್ಕಪಕ್ಕ ಇಟ್ಟರೆ ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಕಾಗದ ಕೈಗೆ ಸಿಗುವ ದಾರಿಯಾದರೂ ಆಗಿದೆ. 1966ರ ಗುಮಾಸ್ತನಿಗೆ ಅದೂ ಇರಲಿಲ್ಲ.

ರಾಜ್ಯ ಸರ್ಕಾರಿ ನೌಕರರ ದಾರಿ ಬೇರೆ. ಅವರಿಗೆ 1986ರ ಅಕ್ಟೋಬರಿನಲ್ಲಿ ಶುರುವಾದ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಎಲ್ಲರ ಬಾಯಲ್ಲಿ ಕೆಎಟಿ. ಮೊದಲು ಅಲ್ಲಿಗೆ ಹೋಗಬೇಕು. 1997ರ ಎಲ್. ಚಂದ್ರಕುಮಾರ್ ತೀರ್ಪಿನ ನಂತರ ಅಲ್ಲಿ ಸೋತರೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಬಹುದು. ಅಲ್ಲಿನ ಆಟವೇ ಬೇರೆ. ನಿಮ್ಮ ಜಾಗಕ್ಕೆ ಬರುವವನು ನಿಮಗಿಂತ ಮೊದಲೇ ಹೋಗಿ ಕೇವಿಯಟ್ ಹಾಕಿರುತ್ತಾನೆ. ನೀವು ಚಾರ್ಜು ಬಿಟ್ಟುಕೊಟ್ಟಿಲ್ಲ ಅನ್ನುತ್ತೀರಿ, ಅವನು ತಾನು ಚಾರ್ಜು ತೆಗೆದುಕೊಂಡಾಯ್ತು ಅನ್ನುತ್ತಾನೆ. ಒಂದು ಕುರ್ಚಿ, ಇಬ್ಬರು ಸಾಹೇಬರು. ಇನ್ನು ಎಮ್ಮೆಲ್ಲೆ ಲೆಟರಿನ ಮಹಿಮೆ ಗೊತ್ತೇ ಇದೆಯಲ್ಲ. ಶಾಸಕರ ಶಿಫಾರಸು ಇತ್ತು ಅಂದ ಮಾತ್ರಕ್ಕೆ ವರ್ಗಾವಣೆ ರದ್ದಾಗುವುದಿಲ್ಲ ಅಂತ 2007ರಲ್ಲಿ ಉತ್ತರ ಪ್ರದೇಶದ ಕೇಸೊಂದರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಆದರೆ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ನಮ್ಮ ಮೇಷ್ಟ್ರುಗಳ ಕತೆ. 2007ರಲ್ಲಿ ಕರ್ನಾಟಕ 'ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ'ಯನ್ನೇ ಮಾಡಿತು. 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಇಷ್ಟು ವರ್ಷ ಸೇವೆ, ಇಂಥ ವಲಯ, ಗಂಡ ಹೆಂಡತಿ ಪ್ರಕರಣ, ಕಾಯಿಲೆ, ಅಂಗವೈಕಲ್ಯ, ಹೀಗೆ ಆದ್ಯತೆಗಳನ್ನು ಮೊದಲೇ ಬರೆದು, ಕೌನ್ಸೆಲಿಂಗ್ ಮಾಡಿ, ಖಾಲಿ ಜಾಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸಿ ಆಯ್ಕೆ ಮಾಡಿಸುವುದು. ಜಗಳ ಇಲ್ಲಿಯೂ ನಿಂತಿಲ್ಲ, ಕಡ್ಡಾಯ ವರ್ಗಾವಣೆಯ ಬಗ್ಗೆ 2019ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆದರೂ ಒಂದು ಮೂಲಭೂತ ವ್ಯತ್ಯಾಸ ಉಂಟು. ಸುತ್ತೋಲೆಯಲ್ಲಿ ಇರುವ ನಿಯಮ ಮುರಿದರೆ ಅಬ್ಬಾಸ್ ಕೇಸು ಅಡ್ಡ ಬರುತ್ತದೆ, ಅದು ಹಕ್ಕಲ್ಲ ಅಂತ. ಕಾಯ್ದೆಯಲ್ಲಿರುವ ನಿಯಮ ಮುರಿದರೆ ಮೇಷ್ಟ್ರು ಯಾರ ಮನಸ್ಸಿನೊಳಗೂ ಇಣುಕಿ ದುರುದ್ದೇಶ ತೋರಿಸಬೇಕಾಗಿಲ್ಲ, ನಿಯಮ ತೋರಿಸಿದರೆ ಸಾಕು. ಅರವತ್ತು ವರ್ಷದಿಂದ ಬ್ಯಾಂಕ್ ಆಫೀಸರುಗಳಿಗೆ ಸಿಗದ ಕೀಲಿಕೈ ಪ್ರೈಮರಿ ಶಾಲೆಯ ಮೇಡಂಗೆ ಸಿಕ್ಕಿದೆ!

ವರ್ಗಾವಣೆಯೇ ಬೇಡ ಅನ್ನುವವನು ನಾನಲ್ಲ. ಒಂದೇ ಕ್ಯಾಶ್ ಕೌಂಟರಿನಲ್ಲಿ ಒಬ್ಬನೇ ಇಪ್ಪತ್ತು ವರ್ಷ ಕೂತರೆ ಠೇವಣಿದಾರರಿಗೆ ಒಳ್ಳೆಯದಲ್ಲ. ಎಲ್ಲ ಮೇಷ್ಟ್ರೂ ತಮ್ಮೂರಿಗೇ ಬಂದರೆ ಯಾದಗಿರಿಯ ಹಳ್ಳಿಯ ಶಾಲೆಗೆ ಬೀಗ ಹಾಕಬೇಕಾಗುತ್ತದೆ. ನಮ್ಮ ಬ್ಯಾಂಕುಗಳು ಬೆಳೆದದ್ದೂ ನಮ್ಮವರು ಹೊರಟು ಹೋದದ್ದರಿಂದಲೇ. ನಾನು ಕೇಳುವುದು ಇಷ್ಟೇ, ಯಾರು ಹೋಗಬೇಕು ಅನ್ನುವುದನ್ನು ಯಾವ ನಿಯಮದಿಂದ ತೀರ್ಮಾನಿಸಿದಿರಿ ಅಂತ ಮೊದಲೇ ಹೇಳಿ, ಹೇಳಿದ್ದನ್ನು ಕಾಯ್ದೆ ಮಾಡಿ. ಮಹಿಳಾ ನೌಕರರನ್ನು ಗಂಡನ ಅಥವಾ ಹೆತ್ತವರ ಊರಿನ ಹತ್ತಿರ ಹಾಕಿ ಅಂತ 2014ರಲ್ಲಿ ಹಣಕಾಸು ಇಲಾಖೆ ಬ್ಯಾಂಕುಗಳಿಗೆ ಬರೆಯಿತು. 2022ರಲ್ಲಿ ಕೇಂದ್ರ ಅಬಕಾರಿ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರವೇ ತೀರ್ಪು ಕೊಟ್ಟರೂ, ಕುಟುಂಬ ಜೀವನವನ್ನು, ಹೆಂಗಸರ ಮೇಲೆ ಬೀಳುವ ಹೊರೆಯನ್ನು ಮರೆತು ನೀತಿ ಮಾಡಬೇಡಿ, ಮತ್ತೊಮ್ಮೆ ನೋಡಿ ಅಂತ ಹೇಳಿತು. ಒಳ್ಳೆಯ ಮಾತುಗಳೇ. ಆದರೆ ಮಾರ್ಗಸೂಚಿ ಮಾರ್ಗಸೂಚಿಯೇ.

ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಕೋಡು ನೋಡಲು ಬಿಡದೆ ಔಟ್‌ಪುಟ್ ಮಾತ್ರ ತೋರಿಸಿ, ಬಗ್ ಎಲ್ಲಿದೆ ನೀನೇ ಸಾಬೀತು ಮಾಡು ಅಂದರೆ ಯಾರಿಗೂ ಆಗುವುದಿಲ್ಲ.

ಕೊನೆಗೊಂದು ವಿಚಿತ್ರ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಅದಕ್ಕೆ ಒಂದು ವರ್ಷ ಮೊದಲೇ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಸೇರಿತ್ತು. ಬೋರ್ಡುಗಳು ಇಳಿದವು, ಪಾಸ್‌ಬುಕ್ಕುಗಳು ಬದಲಾದವು. ನೌಕರರ ವಿಷಯದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಎಂಬ ಹೆಸರುಗಳು ಇನ್ನೂ ಗಟ್ಟಿಯಾಗಿ ಬದುಕಿರುವ ಜಾಗ ಅಂದರೆ ತೀರ್ಪುಗಳ ಪುಟ, ಅದೂ ಹೆಚ್ಚಾಗಿ ಯಾವನೋ ಒಬ್ಬನ ಅರ್ಜಿ ವಜಾ ಮಾಡುವಾಗ.

ನಿಮ್ಮ ಮನೆಯಲ್ಲೂ ಪ್ರಮೋಷನ್ ಬೇಡ ಅಂದವರು, ಕೋರ್ಟಿಗೆ ಹೋಗಿ ಗೆದ್ದವರು ಅಥವಾ ಸೋತವರು ಇದ್ದರೆ ಕಮೆಂಟಿನಲ್ಲಿ ಬರೆಯಿರಿ. ಹೆಸರು, ಬ್ಯಾಂಕು ಹಾಕಬೇಡಿ, ಕತೆ ಸಾಕು. ಶಿಕ್ಷಕರ ಕಾಯ್ದೆಯ ಬಗ್ಗೆ ಒಳಗಿನಿಂದ ಗೊತ್ತಿರುವ ಮೇಷ್ಟ್ರು ಬ್ಲಾಗಿಗರು ಯಾರಾದರೂ ಇದ್ದರೆ, ಕೌನ್ಸೆಲಿಂಗ್ ಹಾಲಿನಲ್ಲಿ ನಿಜಕ್ಕೂ ಎಂತ ಆಗ್ತದೆ ಅಂತ ದಯವಿಟ್ಟು ಒಂದು ಪೋಸ್ಟ್ ಬರೆಯಿರಿ.